ಕೆಂಪು ಮಣಿ ಬಿಚ್ಚಿ ಹಸಿರು ಹಾಕಿದ್ದು

ನಾನು ಚಿಕ್ಕವಳಿದ್ದಾಗ ನನಗೆ ನನ್ನ ಅಕ್ಕನನ್ನು ಕಂಡರೆ ಆಗುತ್ತಿರಲಿಲ್ಲ. ಮಕ್ಕಳ ಮುಂದೆ ಹೀಗೆಲ್ಲ ಹೇಳಬೇಡ ಅಂತ ನನ್ನ ಮಗಳು, ನಿಮ್ಮ ಅಮ್ಮ, ಗದರುತ್ತಾಳೆ. ಗದರಲಿ. ನಾನು ಓದಿದ್ದು ಏಳನೇ ಕ್ಲಾಸು, ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಕೇಳಿ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಸೈರನ್ ಕೂಗಿದರೆ ಅಪ್ಪ ಸೈಕಲ್ ಹತ್ತುತ್ತಿದ್ದ, ಮತ್ತೆ ಕೂಗಿದರೆ ಅಮ್ಮ ಸಾರು ಬಿಸಿಗಿಡುತ್ತಿದ್ದಳು. ನನಗೆ ಹನ್ನೊಂದು ವರ್ಷ, ಅಕ್ಕನಿಗೆ ಹದಿನೈದು. ಅಕ್ಕ ಮಣಿ ಸರ ಹೆಣೆಯುತ್ತಿದ್ದಳು. ಲೆಕ್ಕದ ಪುಸ್ತಕದ ಚೌಕಗಳಲ್ಲಿ ಮೊದಲು ಡಿಸೈನ್ ಬರೆದುಕೊಳ್ಳುತ್ತಿದ್ದಳು. ಕೆಂಪಿಗೆ ಒಂದು ಗುರುತು, ಹಳದಿಗೆ ಇನ್ನೊಂದು. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಹಳೇ ಟವೆಲ್ ಹಾಸಿ ಸಾಸಿವೆಯಷ್ಟು ಸಣ್ಣ ಮಣಿಗಳನ್ನು ಸುರಿದು, ದಾರಕ್ಕೆ ಮೇಣದಬತ್ತಿ ತಿಕ್ಕಿ, ಸೂಜಿಯ ತುದಿಯಲ್ಲೇ ಒಂದೊಂದಾಗಿ ಹೆಕ್ಕುತ್ತಿದ್ದಳು. ಹಕ್ಕಿ ಕಾಳು ಹೆಕ್ಕಿದ ಹಾಗೆ. ನೋಡಲು ಚೆಂದವೇ ಇತ್ತು, ಅದೇ ನನಗೆ ಸಂಕಟ.

ಅದಕ್ಕಿಂತ ದೊಡ್ಡ ಸಂಕಟ ಪಾತ್ರೆಗಳದ್ದು. ಬೆರಳು ಒರಟಾದರೆ ಸೂಜಿ ಹಿಡಿಯಲು ಆಗುವುದಿಲ್ಲ ಅಂತ ಅಪ್ಪ ಅಕ್ಕನನ್ನು ಪಾತ್ರೆ ತೊಳೆಯುವುದರಿಂದ ಬಿಡಿಸಿಬಿಟ್ಟ. ಅವಳ ಪಾಲೂ ನನ್ನ ತಲೆಗೆ ಬಂತು. ನಾನು ಹಿತ್ತಲಿನ ಕಲ್ಲಿನ ಮೇಲೆ ಕೂತು ಬೂದಿ ಹಾಕಿ ಅನ್ನದ ತಪ್ಪಲೆ ಉಜ್ಜುತ್ತಿದ್ದರೆ, ಒಳಗೆ ಕಿಟಕಿಯ ಬೆಳಕಿನಲ್ಲಿ ಅಕ್ಕ ರಾಣಿಯ ಹಾಗೆ ಕೂತಿರುತ್ತಿದ್ದಳು.

"ನಂಗೂ ಕಲಿಸೇ," ಅಂದರೆ, "ನಿನ್ ಕೈ ನೋಡ್ಕೊ, ಬೂದಿ. ಮಣಿ ಎಲ್ಲ ಮಾಸತ್ತೆ," ಅನ್ನುತ್ತಿದ್ದಳು. ಬೂದಿ ಯಾರಿಂದ ಬಂತು?

ಒಂದು ಸಲ ಪಕ್ಕದ ಮನೆಯವರು ಹರಿದುಹೋದ ಕೈಚೀಲವೊಂದನ್ನು ಅಕ್ಕನಿಗೆ ಕೊಟ್ಟರು. ಅದರ ತುಂಬ ಹಸಿರು ಗಾಜಿನ ಮಣಿ. ಗುಂಡಗಿನವಲ್ಲ, ಉದ್ದನೆಯವು, ಸಣ್ಣ ಕೊಳವೆಯ ಹಾಗೆ. ಅಕ್ಕ ಅವನ್ನೆಲ್ಲ ಬಿಡಿಸಿ, ಒಂದೆರಡನ್ನು ಬೆರಳಿನಲ್ಲಿ ಸವರಿ ನೋಡಿ, "ಇವು ನಂಗೆ ಬೇಡ, ನೀನೇ ಇಟ್ಕೊ," ಅಂತ ಬೆಂಕಿಪೊಟ್ಟಣಕ್ಕೆ ತುಂಬಿ ನನ್ನ ಕಡೆ ಎಸೆದಳು. ಭಿಕ್ಷೆ ಹಾಕಿದ ಹಾಗೆ. ನಾನು ತೆಗೆದಿಟ್ಟುಕೊಂಡೆ, ಸಿಟ್ಟನ್ನೂ ಜೊತೆಗೇ ಇಟ್ಟುಕೊಂಡೆ.

ಆಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬರು ಡ್ಯಾನ್ಸ್ ಟೀಚರ್ ಇದ್ದರು. ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರ ಮಗಳು ಅವರ ಹತ್ತಿರ ಕಲಿಯುತ್ತಿದ್ದಳು. ಆರು ಹುಡುಗಿಯರ ಕುಣಿತಕ್ಕೆ ಆರು ಮಣಿ ಸರ ಬೇಕು, ಮೊದಲು ಒಂದನ್ನು ಮಾಡಿ ತಂದು ತೋರಿಸಲಿ ಅಂತ ಅವಳ ಕೈಲಿ ಟೀಚರ್ ಹೇಳಿ ಕಳಿಸಿದರು. ಅಕ್ಕ ಹತ್ತು ದಿನ ಕೂತು ಕತ್ತಿಗೆ ಅಂಟಿ ಕೂರುವಂಥ ಅಗಲದ ಸರ ಹೆಣೆದಳು. ಕೆಂಪು ನೆಲಕ್ಕೆ ಹಳದಿ ಹೂವು, ಕೆಳಗೆ ಜಾಲರಿಯಾಗಿ ಇಳಿಬಿದ್ದ ಇಪ್ಪತ್ತೊಂದು ಕೆಂಪು ಎಳೆ. ಅದು ಟೀಚರಿಗೆ ಹಿಡಿಸಿದರೆ ಅಕ್ಕನಿಗೆ ಆರು ಸರದ ಕೆಲಸ, ನನಗೆ ಇನ್ನೆರಡು ತಿಂಗಳು ಪಾತ್ರೆ. ಅಪ್ಪ ಅದನ್ನು ಅಂಗೈ ಮೇಲಿಟ್ಟುಕೊಂಡು ಓಣಿಯವರಿಗೆಲ್ಲ ತೋರಿಸಿ ಬಂದ. ಅಕ್ಕ ಸಿಹಿತಿಂಡಿಯ ಡಬ್ಬಿಯಲ್ಲಿ ಹತ್ತಿ ಹಾಸಿ ಸರ ಮಲಗಿಸಿ, ದಾರ ಸುತ್ತಿ ಕಟ್ಟಿದಳು.

ಮಾರನೆಯ ದಿನ ಶನಿವಾರ. ಮಧ್ಯಾಹ್ನ ಅಕ್ಕ ಹತ್ತನೇ ಕ್ಲಾಸಿನವರ ಸ್ಪೆಷಲ್ ಕ್ಲಾಸಿಗೆ ಹೋಗಿದ್ದಳು, ಅಮ್ಮ ನಿದ್ದೆ ಮಾಡುತ್ತಿದ್ದಳು. ನಾನು ಡಬ್ಬಿ ಬಿಚ್ಚಿದೆ. ಜಾಲರಿಯ ಕೆಂಪು ಮಣಿಗಳನ್ನೆಲ್ಲ ಉದುರಿಸಿ, ಒಂದೊಂದು ಎಳೆಗೂ ಏಳು ಕೆಂಪು ಮಣಿಯ ಜಾಗದಲ್ಲಿ ಒಂದೊಂದು ಹಸಿರು ಕೊಳವೆ ಪೋಣಿಸಿದೆ. ಕೆಂಪಿಗೆ ಹಸಿರು ಹಾಕಿದರೆ ಗಿಣಿಯ ಹಾಗೆ ಕಾಣುತ್ತದೆ, ಟೀಚರ್ ಛೀ ಅನ್ನುತ್ತಾರೆ, ಅಕ್ಕ ಮತ್ತೆ ತಪ್ಪಲೆ ಹಿಡಿಯುತ್ತಾಳೆ. ನನ್ನ ಲೆಕ್ಕ ಇಷ್ಟೇ. ಅಕ್ಕ ಮಾಡುವುದನ್ನು ಕದ್ದು ನೋಡಿಯೇ ನನಗೆ ಕೈ ಕೂತಿತ್ತು. ಮೊದಲಿನ ಹಾಗೇ ದಾರ ಸುತ್ತಿ ಇಟ್ಟೆ.

ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಶಿವಮೊಗ್ಗದ ಬಸ್ ಹತ್ತಿದ. ಟೀಚರ್ ಮನೆಯ ಹಜಾರದಲ್ಲಿ ಊದುಬತ್ತಿ, ಕಾಫಿ ಎರಡರ ವಾಸನೆಯೂ ಬೆರೆತಿತ್ತು. ಗೆಜ್ಜೆ ಕಟ್ಟಿಕೊಂಡಿದ್ದ ಒಬ್ಬ ಹುಡುಗಿ ಗೋಡೆಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದಳು. ಅಕ್ಕ ಡಬ್ಬಿಯ ಮುಚ್ಚಳ ತೆಗೆದಳು. ಅವಳ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ನಿಜ ಹೇಳುತ್ತೇನೆ, ಖುಷಿಯಾಯಿತು.

ಅವಳು ಬಾಯಿ ಬಿಡುವ ಮೊದಲೇ ಟೀಚರ್ ಸರ ಎತ್ತಿ ಆ ಹುಡುಗಿಯ ಕತ್ತಿಗೆ ಕಟ್ಟಿಬಿಟ್ಟರು. ಹುಡುಗಿ ಕತ್ತು ಆಡಿಸಿದಳು. ಇಪ್ಪತ್ತೊಂದು ಹಸಿರು ಕೊಳವೆಗಳೂ ಒಟ್ಟಿಗೆ ತೂಗಿ, ಬೆಳಕು ಹಿಡಿದು, ಸಣ್ಣಗೆ ಕಿಣಿಕಿಣಿ ಅಂದವು.

"ಅಯ್ಯೋ ಮಾರಾಯ್ತಿ!" ಅಂದರು ಟೀಚರ್. "ಕೆಂಪಿಗೆ ಹಸಿರು ಹಾಕೋ ಧೈರ್ಯ ನೋಡ್ರಿ ಈ ಹುಡುಗೀದು! ನಾನಾಗಿದ್ರೆ ಕೆಂಪೇ ಹಾಕಿ ಮುಗಿಸ್ತಿದ್ದೆ."

ಅಪ್ಪ ಎದೆ ಉಬ್ಬಿಸಿದ. "ನಮ್ ದೊಡ್ಡೋಳು ಚಿಕ್ಕಂದಿನಿಂದ ಹಂಗೇ ಟೀಚರ್. ಅವಳ ತಲೇನೇ ಬೇರೆ."

ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ಕೆಡಿಸಲು ಹೋದರೆ ಅದರ ಹೆಸರೂ ಅವಳಿಗೇ ಬಂತಲ್ಲ! "ಅದು ಅವಳಲ್ಲ, ನಾನ್ ಹಾಕಿದ್ದು!" ಅಂತ ಕೂಗಿದೆ.

ಅಪ್ಪ ತಿರುಗಿದ. "ಏನೇ ಹಂಗಂದ್ರೆ?"

"ಅಕ್ಕ ಕೆಂಪು ಹಾಕಿದ್ಲು. ನಾನ್ ಬಿಚ್ಚಿ ಹಸಿರು ಹಾಕ್ದೆ."

"ಯಾಕ್ ಪುಟ್ಟಿ?" ಅಂತ ಕೇಳಿದರು ಟೀಚರ್.

"ಕೆಟ್ ಹೋಗ್ಲಿ ಅಂತ."

ಗೆಜ್ಜೆಯ ಹುಡುಗಿ ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ. ನಾನು ತಪ್ಪು ಒಪ್ಪಿಕೊಂಡೆ ಅಂತ ನೀವು ನನ್ನನ್ನು ಹೊಗಳಬೇಡಿ. ಹೊಗಳಿಕೆ ಅವಳಿಗೆ ಹೋಯಿತಲ್ಲ ಅನ್ನುವ ಉರಿಗೆ ಬಾಯಿಬಿಟ್ಟದ್ದು ಅದು.

ಅಕ್ಕ ಬೈಯಲಿಲ್ಲ. ಹುಡುಗಿಯ ಕತ್ತಿನಿಂದ ಸರ ಬಿಚ್ಚಿದಳು. "ಇದನ್ನ ಕೊಡಕ್ಕಾಗಲ್ಲ ಟೀಚರ್," ಅಂದು, ಒಂದು ಎಳೆ ಹಿಡಿದು ಹಸಿರು ಮಣಿಯನ್ನು ಮೇಲೆ ಕೆಳಗೆ ನಾಲ್ಕು ಸಲ ಜಗ್ಗಿದಳು. ದಾರ ಪಟ್ಟಂತ ಹರಿಯಿತು. ಮಣಿ ನೆಲಕ್ಕೆ ಬಿದ್ದು ಎರಡು ಚೂರಾಯಿತು. ಇನ್ನೊಂದು ಎಳೆ ಜಗ್ಗಿದಳು, ಅದೂ ಹಾಗೇ.

"ಕೊಳವೆ ಮಣಿ ಬಾಯಿ ಬ್ಲೇಡ್ ಇದ್ದಂಗೆ ಟೀಚರ್, ದಾರ ಕೊಯ್ಯುತ್ತೆ. ಅದಕ್ಕೇ ನಾನು ಇವನ್ನ ಮುಟ್ಟಲ್ಲ. ಕುಣಿಯುವಾಗ ಹರಿದ್ರೆ ಎಲ್ಲ ಕಾಲಡಿಗೆ ಬೀಳ್ತವೆ. ಬರಿಗಾಲಲ್ಲಿ ಕುಣಿಯೋ ಮಕ್ಕಳು."

ಆ ಹುಡುಗಿಯ ಪಾದ ನೋಡಿದೆ. ಅಂಚಿಗೆ ಕೆಂಪು ಬಣ್ಣ ಹಚ್ಚಿದ್ದ ಮೆತ್ತನೆಯ ಪಾದ.

ಅಕ್ಕ ಸರವನ್ನು ಬೆಳಕಿಗೆ ಹಿಡಿದು ನೋಡಿದಳು. "ಆದ್ರೆ ಹಸಿರೇ ಚೆನ್ನಾಗಿದೆ. ಒಂದೊಂದು ಕೊಳವೆಗೂ ಮೇಲೊಂದು ಕೆಳಗೊಂದು ಗುಂಡು ಮಣಿ ಕೂರಿಸ್ತೀನಿ. ಆಗ ಅದರ ಬಾಯಿ ದಾರಕ್ಕೆ ತಾಗಲ್ಲ," ಅಂದಳು.

"ಹಾಗೇ ಆರು ಮಾಡ್ಕೊಡು," ಅಂದರು ಟೀಚರ್. ನನ್ನ ಕಡೆ ತಿರುಗಿ, "ನೀನು ಆ ಗಾಜು ಆರಿಸು. ಒಂದು ಚೂರೂ ಉಳೀಬಾರದು."

ಹಜಾರದ ನೆಲದ ಮೇಲೆ ಮೊಣಕಾಲೂರಿ, ಅಂಗೈ ಆಡಿಸಿ ಆಡಿಸಿ ಚೂರು ಆರಿಸಿದೆ. ಬೆರಳಿಗೆ ಒಂದು ಚುಚ್ಚಿತು. ಯಾರಿಗೂ ಹೇಳಲಿಲ್ಲ.

ಹಿಂದಕ್ಕೆ ಬರುವಾಗ ಬಸ್ಸು ಮಲವಗೊಪ್ಪ ದಾಟಿತು. ಅಪ್ಪ ನನ್ನ ಕಡೆ ತಿರುಗಿ, "ಮನೆಗೆ ನಡಿ, ನಿಂಗೈತೆ," ಅಂದ.

ಕಿಟಕಿಯ ಪಕ್ಕ ಕೂತಿದ್ದ ಅಕ್ಕ ತಿರುಗಲೂ ಇಲ್ಲ. "ಹೊಡೀಬೇಡ ಅಪ್ಪ. ಆರು ಸರ ನನ್ ಒಬ್ಬಳ ಕೈಲಿ ಆಗಲ್ಲ. ಇವಳು ಜಾಲರಿ ಕೂರಿಸ್ಲಿ, ಕೈ ಪರವಾಗಿಲ್ಲ. ಪಾತ್ರೆ ಒಂದಿನ ನಂದು, ಒಂದಿನ ಅವಳದು."

ಕಥೆಯಲ್ಲಾದರೆ ಇಲ್ಲಿ ತಂಗಿ ಅಕ್ಕನನ್ನು ತಬ್ಬಿಕೊಂಡು ಅಳಬೇಕು. ನನಗೆ ಇನ್ನಷ್ಟು ಉರಿಯಿತು. ನಾನು ಕಿತ್ತುಕೊಳ್ಳಬೇಕು ಅಂದುಕೊಂಡಿದ್ದ ಜಾಗವನ್ನು ಅವಳೇ ಸರಿದು ಕೊಟ್ಟಳು. ಅದನ್ನು ತೆಗೆದುಕೊಳ್ಳುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ತೆಗೆದುಕೊಂಡೆ ಅನ್ನಿ. ಗುಂಡು ಮಣಿ, ಕೊಳವೆ, ಗುಂಡು ಮಣಿ. ಆರು ಸರದ ಜಾಲರಿಯೂ ನನ್ನದೇ. ಹುಡುಗಿಯರು ಕುಣಿದ ದಿನ ಒಂದು ಮಣಿಯೂ ಉದುರಲಿಲ್ಲ.

ನಿಮಗೆ ಈಗ ಮಣಿ ಖಾನೆ ಖಾನೆಯ ಡಬ್ಬಿಯಲ್ಲಿ ಬರುತ್ತದೆ. ಒಂದು ಬಣ್ಣ ಮುಗಿದರೆ ನಿಮ್ಮ ಅಮ್ಮ ಫೋನ್ ಒತ್ತುತ್ತಾಳೆ, ಎರಡು ದಿನಕ್ಕೆ ಬಾಗಿಲಿಗೆ ಬಂದು ಬೀಳುತ್ತದೆ. ಮಣಿಯೂ ಪ್ಲಾಸ್ಟಿಕ್ಕು, ದಾರವೂ ಪ್ಲಾಸ್ಟಿಕ್ಕು, ಯಾವುದೂ ಯಾವುದನ್ನೂ ಕೊಯ್ಯುವುದಿಲ್ಲ. ಹೆಣೆಯುವುದನ್ನು ಕದ್ದು ನೋಡಬೇಕಾಗಿಲ್ಲ, ವಿಡಿಯೋದವಳು ಎಷ್ಟು ಸಲ ಬೇಕಾದರೂ ತೋರಿಸುತ್ತಾಳೆ. ಆದರೂ ನಿನ್ನೆ ನಿಮ್ಮಲ್ಲಿ ದೊಡ್ಡವಳು ಮಾಡಿದ ಬಳೆಯನ್ನು ಎಲ್ಲರೂ ಹೊಗಳುವಾಗ ಚಿಕ್ಕವಳು ಮಂಚದ ಕೆಳಗೆ ಹೋಗಿ ಕೂತದ್ದನ್ನು ನಾನು ನೋಡಿದೆ. ಹೊಟ್ಟೆಕಿಚ್ಚು ಪಡಬಾರದು ಅಂತ ನಿಮ್ಮ ಅಮ್ಮ ಬುದ್ಧಿ ಹೇಳಿದಳು. ನಾನು ಹೇಳುವುದಿಲ್ಲ. ಹೇಳುವ ಮುಖ ನನಗಿಲ್ಲ.

ಅಕ್ಕ ಈಗ ಶಿವಮೊಗ್ಗದಲ್ಲಿ, ರಾಗಿಗುಡ್ಡದ ಕಡೆ ಇದ್ದಾಳೆ. ಕನ್ನಡಕ ಹಾಕಿಕೊಂಡು ಇವತ್ತಿಗೂ ಹೆಣೆಯುತ್ತಾಳೆ. ಮೊನ್ನೆ ಹೊಸ ಸರದ ಫೋಟೋ ಕಳಿಸಿದಳು. ಚೆನ್ನಾಗಿದೆ. ಬಹಳ ಚೆನ್ನಾಗಿದೆ. ನಾನು ನೋಡಿದ್ದೇನೆ ಅಂತ ಅವಳ ಫೋನಿನಲ್ಲಿ ನೀಲಿ ಟಿಕ್ ಬಿದ್ದಿರುತ್ತದೆ. ಮೂರು ದಿನವಾಯಿತು, ಉತ್ತರ ಇನ್ನೂ ಕಳಿಸಿಲ್ಲ.