ಅಪ್ಪನ ಹಲ್ಲು ತಪಾಸಣೆ

ಅಪ್ಪ ಪಾವಗಡ ಸೀಮೆಯ ಹಳ್ಳಿಯೊಂದಕ್ಕೆ ಮೇಷ್ಟ್ರಾಗಿ ಬಂದಾಗ ನಾನಿನ್ನೂ ಅಮ್ಮನ ಸೊಂಟದ ಮೇಲಿದ್ದೆ. ಅಪ್ಪನಿಗೆ ಶುಚಿಯ ಹುಚ್ಚು. ದಿನಾ ಬೆಳಿಗ್ಗೆ ಮಹಾರಾಜರ ಪಟಕ್ಕೆ ಕೈಮುಗಿಸುವ ಮೊದಲು ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ತುಟಿ ಎತ್ತಿಸಿ ಹಲ್ಲು ನೋಡುತ್ತಿದ್ದರು. ಆ ಊರಿನ ಮಕ್ಕಳ ಹಲ್ಲೆಲ್ಲ ಕಂದು. "ಸೋಮಾರಿಗಳು!" ಎಂದು ಬೈದು ಹಳ್ಳಕ್ಕೆ ಅಟ್ಟುತ್ತಿದ್ದರು. ಮರಳಲ್ಲಿ ಉಜ್ಜಿಕೊಂಡು ಬಂದವರಿಗಷ್ಟೇ ಒಳಗೆ ಜಾಗ.

ನಾನು ಶಾಲೆಗೆ ಸೇರಿದಾಗ ನನ್ನ ಹಾಲುಹಲ್ಲು ಬೆಳ್ಳಗಿದ್ದವು. "ಹಲ್ಲು ಅಂದ್ರೆ ಹೀಗಿರಬೇಕು" ಎಂದು ಅಪ್ಪ ಎಲ್ಲರಿಗೂ ತೋರಿಸುತ್ತಿದ್ದರು. ನನಗೋ ನೆಲ ಕಾಣದಷ್ಟು ಜಂಬ. ಆ ಹಲ್ಲು ಬಿದ್ದಾಗ ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದೆ. ಹೊಸ ಹಲ್ಲು ಬಂತು. ಕಂದು.

ಬಾವಿಯ ನೀರಿನಿಂದಲೇ ಹೀಗಾಗುತ್ತದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದು ಗೊತ್ತಿಲ್ಲದ ಆ ದಿನಗಳಲ್ಲಿ ಅಪ್ಪ ಇದ್ದಿಲ ಪುಡಿಗೆ ಉಪ್ಪು ಬೆರೆಸಿ ದಿನಾ ತಾವೇ ನನ್ನ ಹಲ್ಲುಜ್ಜಿದರು. ಬಣ್ಣ ಜಗ್ಗಲಿಲ್ಲ. ಒಂದು ಬೆಳಿಗ್ಗೆ ಸಾಲಿನಲ್ಲಿ ನನ್ನ ಮುಂದೆ ನಿಂತರು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ಹೋಗು, ಹಳ್ಳಕ್ಕೆ" ಎಂದರು.

ಹಳ್ಳದಲ್ಲಿ ಕುರಿಯವರ ಮನೆಯ ಹುಡುಗಿಯೊಬ್ಬಳು ನನ್ನ ಕೈಗೆ ನುಣ್ಣನೆಯ ಮರಳು ಹಾಕಿದಳು. "ಏನ್ ತಿಕ್ಕಿದ್ರೂ ಓಗಾಕಿಲ್ಲ ಕಣಮ್ಮ. ಅಳಬ್ಯಾಡ. ರಕ್ತ ಬಂದ್ರೆ ಸಾಕು, ಮೇಷ್ಟ್ರು ಒಳಿಕ್ ಬುಟ್ಬುಡ್ತಾರೆ."

ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿನ ಖಾರ ತಾಗಿ ಕಿರುಚಿದೆ. ಅಮ್ಮ ನನ್ನ ಬಾಯಿ ನೋಡಿದಳು. ಅಪ್ಪನ ಮುಖವನ್ನೂ ನೋಡಿದಳು.

"ಇವಳಿಗೆ ದಿನಾ ಹಲ್ಲುಜ್ಜಿಸೋರು ನೀವೇ ತಾನೇ? ಇವಳೂ ಸೋಮಾರೀನಾ?"

ಆ ಹುಡುಗಿ ಹೇಳಿದ್ದನ್ನು ನಾನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅಪ್ಪ ತುತ್ತನ್ನು ತಟ್ಟೆಗೇ ಬಿಟ್ಟು ಎದ್ದರು. ನನಗೆ ಪಾಪ ಅನ್ನಿಸಲಿಲ್ಲ, ಸಿಟ್ಟು ಬಂತು.

ಮರುದಿನ ಮಕ್ಕಳು ಎಂದಿನಂತೆ ಸಾಲಾಗಿ ನಿಂತು ತುಟಿ ಎತ್ತಿದರು. ಅಪ್ಪ ಯಾರ ಮುಂದೆಯೂ ನಿಲ್ಲದೆ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ತಪಾಸಣೆ ಇನ್ನಿಲ್ಲ ಎನ್ನಲಿಲ್ಲ, ಒಳಗೆ ಬನ್ನಿ ಎಂದೂ ಕರೆಯಲಿಲ್ಲ. ಮಕ್ಕಳು ಸ್ವಲ್ಪ ಹೊತ್ತು ಕಾದರು. ಆಮೇಲೆ ಆ ಹುಡುಗಿ ಮುಂದೆ, ಉಳಿದವರು ಹಿಂದೆ, ತಾವಾಗಿಯೇ ಹಳ್ಳದ ಕಡೆ ಹೊರಟರು. ಕಿಟಕಿಯಲ್ಲಿ ನಿಂತಿದ್ದ ಅಪ್ಪನಿಗೆ ಅವರನ್ನು ವಾಪಸ್ಸು ಕರೆಯಲು ಬಾಯೇ ಬರಲಿಲ್ಲ.