ಕೈತುತ್ತಿಗೆ ಮೂರು ಊರಿನ ಒಪ್ಪಿಗೆ

ನನ್ನ ಮಗಳು ನಡೆಯುವುದಿಲ್ಲ, ಮಾತಾಡುವುದಿಲ್ಲ, ಯಾವಾಗ ಬೇಕಾದರೂ ಫಿಟ್ಸ್ ಬರುತ್ತದೆ. ಹದಿಮೂರು ತುಂಬುವ ಹೊತ್ತಿಗೆ ಅವಳನ್ನು ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿತ್ತು. ಹಗಲೂ ರಾತ್ರಿ ನರ್ಸ್ ಇರುವ ಮನೆಯೊಂದು ಅವಳಿಗೆ ಬೇಕಿತ್ತು. ಸಿಕ್ಕಿದ್ದು ಬೇರೆ ರಾಜ್ಯದಲ್ಲಿ, ಡ್ರೈವ್ ಮಾಡಿದರೆ ಅರ್ಧ ದಿನದ ದಾರಿ. “ಅಷ್ಟು ದೂರ ಕಳಿಸೋದೂ ಒಂದೇ, ಕಳಕೊಳ್ಳೋದೂ ಒಂದೇ,” ಎಂದಿದ್ದೆ ಗಂಡನಿಗೆ.

ಆಗಲೇ ನಮ್ಮ ಊರಿನ ಆಡಳಿತವಾದ ಟೌನ್‌ಶಿಪ್, ಪಕ್ಕದ ಎರಡು ಊರುಗಳ ಜೊತೆ ಸೇರಿ, ಇಂಥ ಮಕ್ಕಳಿಗಾಗಿ ಒಂದು ಮನೆ ತೆರೆದದ್ದು. ಒಂದೊಂದು ಊರಿನಲ್ಲೂ ಬೆರಳೆಣಿಕೆಯ ಮಕ್ಕಳು. ಒಂದೇ ಊರು ಅಂಥ ಮನೆ ನಡೆಸಲಾರದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವುದೇ ಕಮಿಟಿಗಳ ಹಣೆಬರಹ ಎಂದು ನಂಬಿದವಳು ನಾನು. ಆ ಮೂರೂ ಊರನ್ನು ಒಂದೇ ನೊಗಕ್ಕೆ ಕಟ್ಟಿದವರು ನಮ್ಮ ಕೌನ್ಸಿಲ್‌ನ ಒಬ್ಬ ಹೆಂಗಸು, ನಿವೃತ್ತ ಗಣಿತದ ಟೀಚರ್. ತಮ್ಮ ಬೀದಿಯಲ್ಲಿ ಇಂಥ ಮನೆ ಬೇಡವೆಂದವರ ಬಾಗಿಲಿಗೆಲ್ಲ ಹೋಗಿ, ಅವರ ಕಾಫಿ ಕುಡಿದು, ಅವರ ಬೈಗುಳ ಕೇಳಿ, ಮತ್ತೆ ಮರುವಾರ ಹೋಗುತ್ತಿದ್ದರಂತೆ. ನನಗೆ ಅಷ್ಟು ತಾಳ್ಮೆ ಏಳು ಜನ್ಮಕ್ಕೂ ಬರಲಾರದು.

ಮಗಳನ್ನು ಅಲ್ಲಿಗೆ ಸೇರಿಸಿದೆವು. ಇಂಡಿಯನ್ ಅಂಗಡಿಗಳಿರುವ ಐಸೆಲಿನ್‌ಗೆ ನಾನು ತರಕಾರಿ ತರಲು ಹೋಗುವ ದಾರಿಯಲ್ಲೇ ಇತ್ತು ಆ ಮನೆ. ತೊಡಕಾದದ್ದು ಊಟದಲ್ಲಿ. ಮಗಳು ಕೈತುತ್ತಿನಲ್ಲೇ ಬೆಳೆದವಳು; ಚಮಚ ಕಂಡರೆ ಬಾಯಿ ಬಿಗಿಯುತ್ತಾಳೆ. ಕೈಯಿಂದ ತಿನ್ನಿಸುವುದಾದರೆ ಗ್ಲೌಸ್ ಹಾಕಲೇಬೇಕೆಂಬುದು ಅಲ್ಲಿನ ನಿಯಮ. ಆ ರಬ್ಬರ್ ವಾಸನೆಗೆ ಅವಳು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಮೂರು ಹೊತ್ತೂ ನಾನೇ ಹೋಗಿ ತಿನ್ನಿಸುತ್ತಿದ್ದೆ. ತಿಂಗಳ ಕೊನೆಯೊಳಗೆ ಅಲ್ಲಿಯವರ ಕೈಯಿಂದ ತಿನ್ನದಿದ್ದರೆ ಅವಳನ್ನು ಇಟ್ಟುಕೊಳ್ಳುವುದು ಕಷ್ಟ ಎಂದರು ಮ್ಯಾನೇಜರ್. ಎಂದರೆ, ಮತ್ತೆ ಆ ಅರ್ಧ ದಿನದ ದಾರಿ.

“ನನ್ನ ಮಗಳೇನು ಕ್ರೈಮ್ ಸೀನಾ, ಗ್ಲೌಸ್ ಹಾಕ್ಕೊಂಡು ಮುಟ್ಟೋಕೆ?” ಎಂದು ಕೂಗಾಡಿ ಬಂದೆ.

“ನಿನ್ನ ಬಾಯಿಂದ ಇರೋ ಒಂದು ಜಾಗಾನೂ ಹೋಗುತ್ತೆ ನೋಡ್ತಿರು,” ಎಂದ ಗಂಡ.

ಮರುದಿನ ಮಧ್ಯಾಹ್ನ ನಾನು ಮಗಳಿಗೆ ತಿನ್ನಿಸುವ ಹೊತ್ತಿಗೆ ಕೌನ್ಸಿಲ್‌ನ ಆ ಟೀಚರಮ್ಮ ಅಲ್ಲಿ ಹಾಜರ್. ನನಗೆ ಮಂಗಳಾರತಿ ಕಾದಿದೆ ಎಂದುಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕೂತು ಪ್ರತಿ ತುತ್ತನ್ನೂ ನೋಡಿದರು.

“ಬೆರಳಿಗೆ ಏನು ಗೊತ್ತಾಗುತ್ತೆ?”

“ಬಿಸಿ, ಗಂಟು, ಇವಳು ನುಂಗೋಕೆ ರೆಡಿ ಇದಾಳಾ ಇಲ್ವಾ, ಎಲ್ಲಾ.”

“ನಾನೊಬ್ಬಳೇ ರೂಲ್ ಬದಲಾಯಿಸೋಕಾಗಲ್ಲ. ಮೂರೂ ಊರು ಒಪ್ಪಬೇಕು,” ಎಂದರು. “ಶನಿವಾರ ಆ ಕಮಿಟಿಯವರನ್ನ ನಿಮ್ಮನೆಗೇ ಕರ್ಕೊಂಡು ಬರ್ತೀನಿ. ಅಡುಗೆ ಮಾಡ್ತೀರಾ?”

ಬಂದರು. ನಾನು ಮೊಸರನ್ನ ಮಾಡಿ, ಚಮಚಗಳನ್ನೆಲ್ಲ ಡ್ರಾಯರ್‌ನಲ್ಲೇ ಬಿಟ್ಟೆ. ಟೀಚರಮ್ಮ ಎಲ್ಲರಿಗಿಂತ ಮೊದಲು ತೋಳು ಮಡಚಿ ಕೈಯಿಟ್ಟರು. ಗ್ಲೌಸ್ ಬೇಕೇ ಬೇಕೆಂದು ಪಟ್ಟು ಹಿಡಿದಿದ್ದವರು ಪಕ್ಕದ ಊರಿನ ಒಬ್ಬ ಎತ್ತರದ ಮನುಷ್ಯ. ಅವರ ಮೊಸರು ಮೊಣಕೈವರೆಗೆ ಹರಿಯಿತು. ನಗು ತಡೆಯಲು ನಾನು ಅಡುಗೆಮನೆಗೆ ಹೋಗಬೇಕಾಯಿತು. ಮತ್ತೆ ಬಂದು ನೋಡಿದರೆ, ಅವರು ಬೆರಳಿಗೆ ಸಿಕ್ಕಿದ ಒಗ್ಗರಣೆ ಮೆಣಸಿನಕಾಯಿಯೊಂದನ್ನು ತಟ್ಟೆಯಂಚಿಗೆ ಎತ್ತಿಟ್ಟು ಅದನ್ನೇ ದಿಟ್ಟಿಸುತ್ತಿದ್ದರು. ಅದನ್ನು ನಾನು ಬೇಕೆಂದೇ ಬಿಟ್ಟಿದ್ದೆ.

“ಬಾಯಿಗೆ ಹೋಗೋಕೆ ಮುಂಚೆನೇ ಸಿಕ್ತು,” ಎಂದರು ಮೆಲ್ಲಗೆ.

ಟೀಚರಮ್ಮ ಗೆದ್ದೆನೆಂಬ ಮುಖ ಮಾಡಲಿಲ್ಲ. ಕೈ ಚೆನ್ನಾಗಿ ತೊಳೆದಿರಬೇಕು, ಉಗುರು ಕತ್ತರಿಸಿರಬೇಕು, ಗಾಯ ಇರಬಾರದು, ನರ್ಸ್ ಎದುರಿಗಿರಬೇಕು. ಹಾಗಿದ್ದರೆ ಈ ಮಗುವಿಗೆ ಗ್ಲೌಸ್ ಬೇಡ ಎಂದು ಮೂರೂ ಊರಿನವರು ಒಪ್ಪಿದರು. ಇಂಥ ಸರ್ಕಾರವೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಅಲ್ಲಿಯ ಆರೈಕೆಯ ಹುಡುಗಿ ಮೊಣಕೈವರೆಗೆ ಕೈ ತೊಳೆದು ಬಂದಳು. ಅನ್ನ ಕಲಸಿ, ನುರಿದು, ಒಂದು ತುತ್ತು ಹಿಡಿದಳು. ಮಗಳು ಮೂಸಿದಳು. ನನ್ನ ಕಡೆ ನೋಡಿದಳು. ಬಾಯಿ ತೆರೆದಳು.

ಎರಡನೆಯ ತುತ್ತಿಗೆ ನನ್ನತ್ತ ತಿರುಗಲೇ ಇಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅದರ ಬೆನ್ನಿಗೇ, ನಾನು ಸತ್ತ ಮೇಲೂ ಇವಳು ಉಣ್ಣುತ್ತಾಳೆ ಎನಿಸಿ ಕಣ್ಣು ತುಂಬಿ ಬಂತು.

“ರಾತ್ರಿ ಊಟಕ್ಕೆ ಬರ್ತೀರಲ್ಲಾ?” ಎಂದಳು ಹುಡುಗಿ.

“ಇಲ್ಲ,” ಎಂದೆ. “ನೀನೇ ತಿನ್ನಿಸು.”