ನೀಲಕ್ಕನ ಪ್ರಸ್ಥಾನದ ಚೀಲ

ಇಲ್ಲ... ನಂಬಲು ಆಗುತ್ತಿಲ್ಲ.
ನಿನ್ನೆ ಸಂಜೆ ನಮ್ಮ ಮನೆಯಲ್ಲಿ ಚೀಲ ಇಟ್ಟು, ಚಹಾ ಕುಡಿದು ಹೋದವಳು...
ಇಂದು ನಸುಕಿನಲ್ಲಿ ಹೃದಯಾಘಾತವಂತೆ.

ಸಗರದ ನಮ್ಮ ಶಾಲೆಯ ಸೈನ್ಸ್ ಟೀಚರ್ ನೀಲಮ್ಮ.
ನನಗೂ, ಮಕ್ಕಳಿಗೂ, ಬಸ್ ಕಂಡಕ್ಟರಿಗೂ ನೀಲಕ್ಕ.
ಶಹಾಪುರದಲ್ಲಿ ನಮ್ಮದು ಒಂದೇ ಓಣಿ.

ಫೋನ್ ಇಟ್ಟು ಹೊರಗೆ ಬಂದೆ.
ಪೂರ್ವಕ್ಕೆ ಉಗುರಿನಷ್ಟು ಚಂದ್ರ...
ಊರಂಚಿನ ಗದ್ದೆಯ ನೀರಿನಲ್ಲಿ ಇನ್ನೊಂದು.

ನಾಡಿದ್ದು ಎಂಟು ಹುಡುಗಿಯರೊಂದಿಗೆ ಅವಳು ಯಾದಗಿರಿಯಲ್ಲಿ ರೈಲು ಹತ್ತಬೇಕಿತ್ತು.
ಕಡಲ ದಂಡೆಯಿಂದ ರಾಕೆಟ್ ಹಾರುವುದನ್ನು ತೋರಿಸಲು.
"ನೀಲಕ್ಕ ಇದ್ರ ಮಾತ್ರ ಕಳಸ್ತೀವಿ" ಅಂದಿದ್ದರು ತಾಯಂದಿರು.

ಹೊರಡುವ ದಿನ ಅಮಾವಾಸ್ಯೆ. ಅವಳ ಅತ್ತೆ ಒಪ್ಪಲಿಲ್ಲ.
ಅದಕ್ಕೇ ಪ್ರಸ್ಥಾನ...
ಮೊದಲೇ ಒಂದು ಒಳ್ಳೆಯ ದಿನ ಚೀಲವನ್ನು ನೆರಮನೆಯಲ್ಲಿ ಇಟ್ಟರೆ ಪ್ರಯಾಣ ಶುರುವಾದಂತೆ.

ನಾನು ನಕ್ಕಿದ್ದೆ. "ಸೈನ್ಸ್ ಟೀಚರ್ ಆಗಿ ಇದೇನಕ್ಕಾ?"

"ನಗಬ್ಯಾಡ್ರಿ ಇಂಗ್ಲಿಷ್ ಮೇಡಮ್ಮೋರೇ. ಮುದುಕಿಗಿ ಸಮಾಧಾನ, ಮಂಗಳಕ್ಕಿಂತ ಮೊದಲು ಚಂದ್ರಗ ಯಾಕ ಹೋಗಬೇಕು ಅನ್ನೋ ಪಾಠಕ್ಕ ನನಗೊಂದು ಉದಾಹರಣಿ. ಚಂದ್ರ ಅಂದ್ರ ನೆರಮನಿ. ಮೂರ್ನಾಕು ದಿನದ ದಾರಿ. ಮಂಗಳಕ್ಕ ತಿಂಗಳಗಟ್ಟಲೆ ಹೋಗಬೇಕು. ಏನರ ಮರತ್ರ ನೆರಮನಿಯಿಂದ ತಿರುಗಿ ಬರಬಹುದು. ಅಷ್ಟು ದೂರದಿಂದ ಬರಾಕ ಆಗ್ತದೇನ್ರಿ?"

ಚಂದ್ರನಲ್ಲಿ ಬಿಸಿಲೇ ಬೀಳದ ಕುಳಿಗಳಲ್ಲಿ ಹಿಮವಿದೆಯಂತೆ.
ಕುಡಿಯುವ ನೀರು, ಉಸಿರಾಡುವ ಗಾಳಿ, ರಾಕೆಟ್‌ನ ಇಂಧನ... ಎಲ್ಲವನ್ನೂ ಅದರಿಂದಲೇ ಪಡೆಯಬಹುದಂತೆ.
ನೆಲದ ಸೆಳೆತ ಕಡಿಮೆ, ರಾಕೆಟ್ ಮೇಲೇಳುವುದೂ ಸುಲಭ.
ಮನೆ ಬಿಟ್ಟು ಬದುಕುವುದನ್ನು ಮೊದಲು ಕಲಿಯುವುದು ಅಲ್ಲಿಯೇ...
ಹೇಳುವಾಗ ಅವಳ ಕಣ್ಣು ಎಲ್ಲೋ ಇರುತ್ತಿತ್ತು.

ನೀಲಕ್ಕಾ...
ಶಾಲೆಯ ನಲ್ಲಿಯಲ್ಲೇ ನೀರಿಲ್ಲ, ಚಂದ್ರನಲ್ಲಿ ಹುಡುಕುವುದೇಕೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದೆ.
"ಎರಡೂ ಕಡೆ ಹುಡುಕೋಣಲ್ಲ" ಅಂದೆ ನೀನು. ಮರುವಾರ ನಲ್ಲಿ ರಿಪೇರಿ ಮಾಡಿಸಿದೆ.
ನನ್ನ ಪ್ರಶ್ನೆ ತಪ್ಪೆಂದು ಈಗಲೂ ಅನಿಸುವುದಿಲ್ಲ.
ಆದರೆ ಕೇಳಿ ಕುಳಿತವಳು ನಾನು... ಎದ್ದು ಹೋದವಳು ನೀನು.

ನಿನ್ನ ಮುಖ ನೋಡಲು ಬಂದಾಗ ಚೀಲವನ್ನೂ ತಂದಿದ್ದೆ.
ನಿನ್ನ ಅತ್ತೆ ಮುಟ್ಟಲಿಲ್ಲ.
"ಬ್ಯಾಡವ್ವಾ. ಪ್ರಸ್ಥಾನ ಇಟ್ಟದ್ದು ತಿರುಗಿ ಮನಿಗಿ ತರಬಾರ್ದು. ಅದು ಹೊಂಟೈತಿ. ಹುಡುಗ್ಯಾರ ಜೋಡಿ ನೀ ಒಯ್ಯಿ."

ನಾನೇ? ಆ ತಾಯಂದಿರು ನನ್ನನ್ನು ನಂಬುವರೇ? ನನಗೇ ನಂಬಿಕೆ ಇರಲಿಲ್ಲ...

ಆ ಎಂಟು ಹುಡುಗಿಯರಲ್ಲಿ ಒಬ್ಬಳಾದ ಶಬಾನಾಳ ಅಮ್ಮಿ ಸಗರದಿಂದ ಬಂದು ಅಂಗಳದಲ್ಲಿ ಕುಳಿತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು.
"ಮೇಡಮ್, ನೀಲಕ್ಕನ ಚೀಲ ಹೋಗತೈತೇನ್ರಿ?"
"ಹೋಗತೈತ್ರಿ."
"ಹಂಗಾರ ನಮ್ಮ ಹುಡುಗೀನೂ ಕಳಸ್ತೀನ್ರಿ."

ನಾಡಿದ್ದು ಆಕಾಶದಲ್ಲಿ ಚಂದ್ರ ಕಾಣುವುದಿಲ್ಲ.
ಆದರೂ ಹೊರಡುತ್ತೇವೆ... ನಿನ್ನ ಚೀಲ ನನ್ನ ಹೆಗಲ ಮೇಲೆ.

ಮೇಲಿನ ಆ ನೆರಮನೆಯಲ್ಲಿ ತುಸು ದಣಿವಾರಿಸಿಕೋ, ನೀಲಕ್ಕಾ.
ಮುಂದಿನ ದಾರಿ ನಿನಗೆ ತಂಪಾಗಿರಲಿ... ಶಾಂತವಾಗಿರಲಿ.